ಬ್ಯಾಕಪ್ ಹಾಕಿದ್ದಾಯಿತು, ತೆಗೆಯುವುದು ಹೇಗೆ?

ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು. ಶಿಕ್ಷಣ ಇಲಾಖೆಗೆ ಮಾತ್ರ ಅದೇ ಒಂದು ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಈ ಶೈಕ್ಷಣಿಕ ಜಿಲ್ಲೆಗೆ ತನ್ನದೇ ಉಪನಿರ್ದೇಶಕರ ಕಚೇರಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತನ್ನದೇ ಸಾಲು. ಇಂಥ ಊರುಗಳ ಸರ್ಕಾರಿ ಪ್ರೌಢಶಾಲೆಗಳಿಗೆ ಲಿನಕ್ಸ್ ಕಾಲಿಟ್ಟಿದ್ದು ದೊಡ್ಡ ಕಂಪನಿಗಳ ಮೂಲಕವಲ್ಲ, ಮೇಷ್ಟ್ರುಗಳ ತರಬೇತಿಯ ಮೂಲಕ. 2011ರ ಸುಮಾರಿಗೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್ಇಆರ್‌ಟಿ) ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆಯನ್ನು ಶುರು ಮಾಡಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಉಬುಂಟು ಎಂಬ ಲಿನಕ್ಸಿನಲ್ಲಿ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ತೆರೆದು ತ್ರಿಕೋನ ಎಳೆದಿದ್ದು ಆಗಲೇ.

ಅಲ್ಲಿಯವರೆಗೆ ನಮ್ಮ ಕಡೆ ಬ್ಯಾಕಪ್ ಎಂದರೆ ಪೆನ್‌ಡ್ರೈವ್. ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಬಿಸಿಯೂಟದ ಲೆಕ್ಕ ಎಲ್ಲವೂ ಬೀಗದ ಕೈ ಗೊಂಚಲಿಗೆ ಸಿಕ್ಕಿಸಿದ ಆ ಒಂದು ಡ್ರೈವಿನಲ್ಲಿ. ಸೈಬರ್ ಅಂಗಡಿಗೆ ಹೋಗಿ ಬಂದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತಿದ್ದವು. ವಿಂಡೋಸ್‌ಗೆಂದು ಬರೆದ ಆ ವೈರಸ್ ಉಬುಂಟುವಿನಲ್ಲಿ ಓಡುತ್ತಿರಲಿಲ್ಲ; ಕಾಣೆಯಾದ ಫೋಲ್ಡರುಗಳು ಅಲ್ಲಿ ಹಾಗೇ ಕಾಣುತ್ತಿದ್ದವು. ಲಿನಕ್ಸ್ ಮೇಲೆ ಅನೇಕರಿಗೆ ನಂಬಿಕೆ ಬರಲು ಮುಕ್ತ ತಂತ್ರಾಂಶದ ತತ್ವಕ್ಕಿಂತ ಇದೇ ಹೆಚ್ಚು ಕಾರಣ ಎಂದು ನನ್ನ ಅನಿಸಿಕೆ.

ಬ್ಯಾಕಪ್ಪಿನ ವಂಶಾವಳಿ ಉಬುಂಟುಗಿಂತ ಬಹಳ ಹಳೆಯದು. ಟೇಪಿನ ಸುರುಳಿಗೆ ಕಡತಗಳನ್ನು ಒಟ್ಟುಗೂಡಿಸಿ ಬರೆಯುವ ‘ಟಾರ್’ ಬಂದದ್ದು 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ. ಟೇಪು ಹೋಯಿತು, ಟಾರ್ ಉಳಿಯಿತು; ಇವತ್ತಿನ ಬಹುತೇಕ ಲಿನಕ್ಸ್‌ಗಳಲ್ಲಿ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗಿಲ್ಲ. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ ‘ಆರ್‌ಸಿಂಕ್’ ಹೊರತಂದರು. ಕಡತದ ಎರಡು ಪ್ರತಿಗಳನ್ನು ತುಣುಕು ತುಣುಕಾಗಿ ಹೋಲಿಸಿ, ಬದಲಾದ ಭಾಗವನ್ನಷ್ಟೇ ಕಳಿಸುವ ಉಪಾಯ ಅದು. ನಿಧಾನದ ಸಂಪರ್ಕದಲ್ಲೂ ಕೆಲಸ ಸಾಗಬೇಕಿತ್ತು. ಸಂಪರ್ಕ ಹೋಗಿ ಬಂದು ಮಾಡುವ ಊರಿನವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಇವೆರಡೂ ಕಪ್ಪು ಪರದೆಯಲ್ಲಿ ಟೈಪಿಸುವವರ ಸಾಧನಗಳು. ಗುಂಡಿ ಒತ್ತಿದರೆ ಸಾಕು ಎನ್ನುವವರಿಗೆ ‘ಡೇಜಾ ಡುಪ್’ ಬಂತು. 2011ರ ಅಕ್ಟೋಬರಿನ ಉಬುಂಟು 11.10ರಿಂದ ಅದು ವ್ಯವಸ್ಥೆಯ ಜೊತೆಗೇ ಸಿಗತೊಡಗಿತು. ಮುಖ ಡೇಜಾ ಡುಪ್ಪಿನದು, ಹಿಂದೆ ನಿಂತು ದುಡಿಯುತ್ತಿದ್ದುದು ‘ಡುಪ್ಲಿಸಿಟಿ’. ಇಡೀ ವ್ಯವಸ್ಥೆಯನ್ನು ನಿನ್ನೆಯ ಸ್ಥಿತಿಗೆ ಮರಳಿಸುವ ‘ಟೈಮ್‌ಶಿಫ್ಟ್’ 2017ರಲ್ಲಿ ಲಿನಕ್ಸ್ ಮಿಂಟ್ 18.3ರ ಜೊತೆ ಬಂತು.

ಇಂಥ ತಂತ್ರಾಂಶಗಳನ್ನು ಹಾಕುವ ಕೆಲಸ ಸುಲಭವಾಗಿದ್ದಕ್ಕೂ ಒಂದು ಚರಿತ್ರೆಯಿದೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಲಿನಕ್ಸ್, ತಂತ್ರಾಂಶಗಳನ್ನು ಪೊಟ್ಟಣ ಕಟ್ಟಿ ಕೊಡುವ ಕ್ರಮವನ್ನು ರೂಢಿಸಿತು. 1999ರ ಡೆಬಿಯನ್ 2.1ರಲ್ಲಿ ‘ಆಪ್ಟ್’ ಸೇರಿತು: ಒಂದು ಪೊಟ್ಟಣ ಕೇಳಿದರೆ ಅದಕ್ಕೆ ಬೇಕಾದ ಉಳಿದ ಪೊಟ್ಟಣಗಳನ್ನೂ ತಾನೇ ತರುತ್ತದೆ. ಉಬುಂಟು, ಮಿಂಟ್ ಎರಡೂ ಬಳಸುವುದು ಇದನ್ನೇ.

ತೆಗೆಯುವ ಕೆಲಸವೇ ಸೂಕ್ಷ್ಮ. ಆಪ್ಟಿಗೆ ‘ರಿಮೂವ್’ ಎಂದರೆ ಪ್ರೋಗ್ರಾಂ ಹೋಗುತ್ತದೆ, ವ್ಯವಸ್ಥೆಯ ಮಟ್ಟದ ಸಂರಚನೆಯ ಕಡತಗಳು ಉಳಿಯುತ್ತವೆ. ‘ಪರ್ಜ್’ ಎಂದರೆ ಅವೂ ಹೋಗುತ್ತವೆ. ಯಾರಿಗೂ ಬೇಡವಾಗಿ ಬಿದ್ದ ಜೊತೆ ಪೊಟ್ಟಣಗಳಿಗೆ ‘ಆಟೋರಿಮೂವ್’ ಇದೆ. ಹೀಗೆ ಮೂರೂ ಮಾಡಿದರೂ ನಿಮ್ಮ ಹೋಮ್ ಫೋಲ್ಡರಿನ ಮರೆಯಲ್ಲಿರುವ ಕ್ಯಾಶ್ (ತಾತ್ಕಾಲಿಕ ಕಡತಗಳು) ಹಾಗೇ ಕೂತಿರುತ್ತದೆ. ಬ್ಯಾಕಪ್ ಪ್ರತಿಗಳನ್ನಂತೂ ಯಾವ ಆಜ್ಞೆಯೂ ಮುಟ್ಟುವುದಿಲ್ಲ. ಮುಟ್ಟಬಾರದು ಕೂಡ. ಹಗೇವಿನಿಂದ ರಾಗಿ ತೆಗೆಯುವ ಆಳು ಕೆಲಸ ಬಿಟ್ಟ ಮಾತ್ರಕ್ಕೆ ರಾಗಿ ಖಾಲಿಯಾಗುವುದಿಲ್ಲವಷ್ಟೆ.

ತೊಡಕು ಟೈಮ್‌ಶಿಫ್ಟಿನಲ್ಲಿ ಎದ್ದು ಕಾಣುತ್ತದೆ. ಡಿಸ್ಕ್ ತುಂಬಿತೆಂದು ಅದನ್ನು ತೆಗೆದುಹಾಕುವವರಿದ್ದಾರೆ. ಜಾಗ ಒಂದಿಷ್ಟೂ ಬಿಡುವಾಗುವುದಿಲ್ಲ, ಏಕೆಂದರೆ ತುಂಬಿರುವುದು ಅದು ತೆಗೆದಿಟ್ಟ ವ್ಯವಸ್ಥೆಯ ಪ್ರತಿಗಳು, ಅಂದರೆ ಸ್ನ್ಯಾಪ್‌ಶಾಟುಗಳು; ಅವು ಟೈಮ್‌ಶಿಫ್ಟ್ ಹೆಸರಿನ ಫೋಲ್ಡರಿನಲ್ಲಿ ಹಾಗೇ ಉಳಿದಿವೆ. ಅವುಗಳನ್ನು ಮೊದಲು ಟೈಮ್‌ಶಿಫ್ಟಿನೊಳಗಿಂದಲೇ ಅಳಿಸಿ, ಆಮೇಲೆ ಅದನ್ನು ತೆಗೆಯುವುದು ಸರಿಯಾದ ಕ್ರಮ. ಇನ್ನೊಂದು: ಟೈಮ್‌ಶಿಫ್ಟ್ ತಾನಾಗಿ ಹೋಮ್ ಫೋಲ್ಡರನ್ನು ಉಳಿಸುವುದಿಲ್ಲ. ಅಂಕಪಟ್ಟಿ ಸುರಕ್ಷಿತವಾಗಿದೆ ಎಂದು ಅದನ್ನೇ ನಂಬಿ ಕೂತರೆ ಕೆಟ್ಟಂತೆಯೇ.

ಡೇಜಾ ಡುಪ್ಪಿನ ಕಥೆ ತಿರುವುಮುರುವು. ಡುಪ್ಲಿಸಿಟಿ ನಿಮ್ಮ ಕಡತಗಳನ್ನು ಕುಗ್ಗಿಸಿ, ಬೇಕೆಂದರೆ ಗುಪ್ತಸಂಕೇತವನ್ನೂ ಹಾಕಿ ಕಂತೆಗಳಾಗಿ ಇಡುತ್ತದೆ. ಸಾಧನವನ್ನು ತೆಗೆದ ಮೇಲೆ ಆ ಕಂತೆಗಳನ್ನು ಫೋಲ್ಡರ್ ತೆರೆದಂತೆ ತೆರೆದು ಓದಲಾಗದು. ಮತ್ತೆ ಅದನ್ನೇ ಹಾಕಿಕೊಳ್ಳಬೇಕು. ಪಾಸ್‌ವರ್ಡ್ ಮರೆತಿದ್ದರೆ ಹಾಕಿಕೊಂಡೂ ಉಪಯೋಗವಿಲ್ಲ. ಆರ್‌ಸಿಂಕ್ ನಕಲು ಮಾಡಿದ್ದು ಮಾಮೂಲಿ ಕಡತ, ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಶಾಲೆಯ ಮಟ್ಟಿಗೆ ನನ್ನ ಓಟು ಆರ್‌ಸಿಂಕಿಗೇ. ಮೇಷ್ಟ್ರಿಗೆ ವರ್ಗಾವಣೆಯಾಗುತ್ತದೆ, ಅವರು ಪಾವಗಡದಿಂದ ಕೊರಟಗೆರೆಗೆ ಹೋಗುವಾಗ ಪಾಸ್‌ವರ್ಡೂ ಅವರ ಜೊತೆ ಬಸ್ ಹತ್ತಿಬಿಡುತ್ತದೆ.

ತೆರೆದರೂ ಓದಲಾಗದ ಕಡತಗಳು ಕನ್ನಡದವರಿಗೆ ಹೊಸದೇನಲ್ಲ. ಯುನಿಕೋಡ್‌ಗೆ ಮುಂಚಿನ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಬರೆದ ಪ್ರಶ್ನೆಪತ್ರಿಕೆಗಳನ್ನು ಉಬುಂಟುವಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜು. ಬ್ಯಾಕಪ್ ಒಂದು ಬಿಟ್ಟೂ ಕಳೆದಿರುವುದಿಲ್ಲ, ಕನ್ನಡ ಮಾತ್ರ ಇರುವುದಿಲ್ಲ. ಅವುಗಳನ್ನು ಪರಿವರ್ತಕಕ್ಕೆ ಕೊಟ್ಟು ಯುನಿಕೋಡ್ ಮಾಡಿ, ಮೂಲವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಒತ್ತಕ್ಷರಗಳು ಎಲ್ಲಿ ಕೆಟ್ಟಿವೆ ಎಂದು ತಾಳೆ ನೋಡಲು ಮೂಲ ಬೇಕೇ ಬೇಕಾಗುತ್ತದೆ.