ಚಿತ್ರಪಠನ ತಂತ್ರಾಂಶಗಳಲ್ಲಿ ದತ್ತಗ್ರಹಣವಿಧಿ : ಲಿಬ್‌ಪಿಎನ್‌ಜಿ ಮತ್ತು ಲಿಬ್‌ಜೆಪೆಗ್

ಓಲೆಗರಿಯ ಪ್ರತಿಗಳನ್ನು ಛಾಯಾಚಿತ್ರಗಳಾಗಿ ಗಣಕದಲ್ಲಿರಿಸಿ ಪಾಠಪರಿಶೀಲನೆ ನಡೆಸುವ ಪದ್ಧತಿ ಇಂದು ವಿದ್ವಾಂಸರಿಗೆ ಅಪರಿಚಿತವಲ್ಲ. ಜೀರ್ಣವಾದ ಮೂಲಪ್ರತಿಯನ್ನು ಪದೇ ಪದೇ ಮುಟ್ಟುವ ಅಗತ್ಯ ಇದರಿಂದ ತಪ್ಪುತ್ತದೆ. ಆದರೆ ತೆರೆಯ ಮೇಲೆ ಕಾಣುವುದು ಗರಿಯಲ್ಲ. ಕಡತದಲ್ಲಿರುವ ಬೈಟುಗಳನ್ನು ಒಂದು ತಂತ್ರಾಂಶವು ಓದಿ ಪುನಾರಚಿಸಿದ ರೂಪ ಮಾತ್ರ. ಆ ಓದಿನಲ್ಲಿ ಲೋಪವುಂಟಾದರೆ ಗರಿಯ ಕೊನೆಯ ಪಂಕ್ತಿಗಳು ಮಾಯವಾಗಬಹುದು. ಸಂಪಾದಕನು ಅದನ್ನು ಮೂಲಪ್ರತಿಯ ತ್ರುಟಿಯೆಂದೇ ಗ್ರಹಿಸಬಹುದು. ಆದುದರಿಂದ ಬೈಟುಗಳು ಚಿತ್ರಪಠನ ತಂತ್ರಾಂಶವನ್ನು ತಲುಪುವ ಬಗೆ, ಆ ಮಾರ್ಗವನ್ನು ಬಳಕೆದಾರನು ತನ್ನ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸುವ ಕ್ರಮ, ಹಾಗೆ ಮಾರ್ಪಡಿಸುವಾಗ ಪಾಲಿಸಬೇಕಾದ ನಿಯಮ ಇವುಗಳ ವಿವೇಚನೆ ಹಸ್ತಪ್ರತಿಶಾಸ್ತ್ರಕ್ಕೆ ಹೊರತಾದ ವಿಷಯವಲ್ಲ.

1. ಪಿಎನ್‌ಜಿ ಕಡತದ ರಚನೆ

ಜಿಐಎಫ್ ಎಂಬ ಚಿತ್ರರೂಪದಲ್ಲಿ ಬಳಕೆಯಾಗುತ್ತಿದ್ದ ಎಲ್‌ಝಡ್‌ಡಬ್ಲ್ಯು ಸಂಕೋಚನವಿಧಾನದ ಮೇಲೆ ಯೂನಿಸಿಸ್ ಸಂಸ್ಥೆಗೆ ಪೇಟೆಂಟ್ ಹಕ್ಕಿತ್ತು. 1994ರ ಕೊನೆಯಲ್ಲಿ ಆ ಹಕ್ಕಿಗೆ ಶುಲ್ಕ ತೆರಬೇಕೆಂಬ ವಿಷಯ ಪ್ರಕಟವಾದಾಗ, ಯಾವ ನಿರ್ಬಂಧವೂ ಇಲ್ಲದ ಹೊಸ ರೂಪವೊಂದರ ಅವಶ್ಯಕತೆ ತೋರಿಬಂತು. 1995ರ ಜನವರಿಯಲ್ಲಿ ಥಾಮಸ್ ಬೌಟೆಲ್ ಅವರು ಮುಂದಿಟ್ಟ ಕರಡೇ ಪಿಎನ್‌ಜಿ ರೂಪದ ಮೂಲ. 1996ರ ಅಕ್ಟೋಬರ್‌ನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಇದಕ್ಕೆ ಮಾನ್ಯತೆ ನೀಡಿತು. ಈ ರೂಪವನ್ನು ಓದಿ ಬರೆಯಲು ಗೈ ಎರಿಕ್ ಶಾಲ್‌ನಾಟ್ ಅವರು ಮೊದಲು ರಚಿಸಿದ, ತರುವಾಯ ಆಂಡ್ರಿಯಾಸ್ ಡಿಲ್ಗರ್ ಮತ್ತು ಗ್ಲೆನ್ ರಾಂಡರ್ಸ್-ಪೆಹರ್ಸನ್ ಅವರು ಬೆಳೆಸಿದ ತಂತ್ರಾಂಶಸಂಗ್ರಹವೇ ಲಿಬ್‌ಪಿಎನ್‌ಜಿ.

ಪಿಎನ್‌ಜಿ ಕಡತದ ಆದಿಯಲ್ಲಿ 8 ಬೈಟುಗಳ ಒಂದು ಮುದ್ರೆಯುಂಟು : 137, 80, 78, 71, 13, 10, 26, 10. ಇವು ಯಾದೃಚ್ಛಿಕವಲ್ಲ. ಎಂಟನೆಯ ಬಿಟ್ಟನ್ನು ಅಳಿಸಿಬಿಡುವ ಸಾಗಣೆಯಲ್ಲಿ ಮೊದಲ ಬೈಟು ಕೆಡುತ್ತದೆ. ಪಂಕ್ತಿಯ ಅಂತ್ಯಚಿಹ್ನೆಗಳನ್ನು ಬದಲಿಸುವ ಸಾಗಣೆಯಲ್ಲಿ 13, 10 ಎಂಬ ಜೋಡಿಯೋ ಕೊನೆಯ 10 ಎಂಬುದೋ ಕೆಡುತ್ತದೆ. ಹೀಗೆ ಕಡತವು ದಾರಿಯಲ್ಲಿ ವಿಕಾರ ಹೊಂದಿದ್ದರೆ ಬಾಗಿಲಲ್ಲೇ ಅದು ತಿಳಿದುಬರುತ್ತದೆ.

ಮುದ್ರೆಯ ಬಳಿಕ ಖಂಡಗಳ ಸಾಲು. ಪ್ರತಿಯೊಂದು ಖಂಡಕ್ಕೂ ನಾಲ್ಕು ಅಂಗಗಳು : ದತ್ತದ ಉದ್ದವನ್ನು ಹೇಳುವ 4 ಬೈಟುಗಳು, ಖಂಡದ ಹೆಸರಿನ 4 ಬೈಟುಗಳು, ದತ್ತ, ಮತ್ತು ಸಿಆರ್‌ಸಿ ಎಂಬ 4 ಬೈಟುಗಳ ಪರೀಕ್ಷಾಸಂಖ್ಯೆ. ಐಎಚ್‌ಡಿಆರ್ ಎಂಬ ಪ್ರಥಮ ಖಂಡದಲ್ಲಿ ಚಿತ್ರದ ಅಗಲ, ಎತ್ತರ ಮುಂತಾದವುಗಳನ್ನು ತಿಳಿಸುವ 13 ಬೈಟುಗಳಿರುತ್ತವೆ. ಐಡ್ಯಾಟ್ ಖಂಡಗಳಲ್ಲಿ ಸಂಕುಚಿತವಾದ ಚಿತ್ರದತ್ತವೂ ಐಎಂಡ್ ಎಂಬ ಬರಿದಾದ ಖಂಡದಲ್ಲಿ ಸಮಾಪ್ತಿಯೂ ಇರುತ್ತವೆ.

ಈ ವ್ಯವಸ್ಥೆಗೆ ಹಸ್ತಪ್ರತಿ ಸಂಪ್ರದಾಯದಲ್ಲಿ ಒಂದು ಸಾದೃಶ್ಯವಿದೆ. 32 ಅಕ್ಷರಗಳನ್ನು ಒಂದು ಗ್ರಂಥವೆಂದೆಣಿಸಿ, ಪ್ರತಿಯ ಕೊನೆಯಲ್ಲಿ ಗ್ರಂಥಾಗ್ರವನ್ನು ನಮೂದಿಸುವ ಪದ್ಧತಿ ಸುವಿದಿತವಾಗಿದೆ. ಆ ಸಂಖ್ಯೆಯಿಂದ ಭಾಗವೊಂದು ಬಿಟ್ಟುಹೋಗಿದ್ದರೆ ಗೊತ್ತಾಗುತ್ತದೆ. ಆದರೆ ಒಂದು ಅಕ್ಷರದ ಸ್ಥಾನದಲ್ಲಿ ಇನ್ನೊಂದು ಅಕ್ಷರ ಬಂದಿದ್ದರೆ ಗೊತ್ತಾಗದು. ಪಿಎನ್‌ಜಿಯಲ್ಲಿ ಉದ್ದದ ಸಂಖ್ಯೆ ಗ್ರಂಥಾಗ್ರದ ಕಾರ್ಯವನ್ನು ಮಾಡುತ್ತದೆ. ಗ್ರಂಥಾಗ್ರಕ್ಕೆ ಸಾಧ್ಯವಾಗದ ಅಕ್ಷರವ್ಯತ್ಯಾಸದ ಪರೀಕ್ಷೆಯನ್ನು ಸಿಆರ್‌ಸಿ ನಿರ್ವಹಿಸುತ್ತದೆ. ಒತ್ತಾಗಿ 32 ಬಿಟ್ಟುಗಳವರೆಗೆ ಉಂಟಾದ ಯಾವುದೇ ಒಂದು ವಿಕಾರವನ್ನು ಅದು ತಪ್ಪದೆ ಹಿಡಿಯುತ್ತದೆ.

2. ಗ್ರಹಣವಿಧಿಯ ಮಾರ್ಪಾಡು

ಲಿಬ್‌ಪಿಎನ್‌ಜಿ ತಾನಾಗಿ ಕಡತವನ್ನು ತೆರೆಯುವುದಿಲ್ಲ. ತೆರೆದ ಕಡತವೊಂದನ್ನು ಪಿಎನ್‌ಜಿ-ಇನಿಟ್-ಐಓ ಎಂಬ ವಿಧಿಯ ಮೂಲಕ ಅದಕ್ಕೆ ಒಪ್ಪಿಸಿದರೆ, ಸಿ ಭಾಷೆಯ ಎಫ್‌ರೀಡ್ ಎಂಬ ವಾಡಿಕೆಯ ವಿಧಿಯಿಂದ ಅದು ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಆದರೆ ಚಿತ್ರವು ಸದಾ ಸ್ವತಂತ್ರ ಕಡತವಾಗಿರಬೇಕೆಂದಿಲ್ಲ. ಅದು ದತ್ತಕೋಶದ ಒಂದು ದಾಖಲೆಯೊಳಗಿರಬಹುದು. ಒಂದೇ ಸಂಪುಟದಲ್ಲಿ ಸಾಲಾಗಿ ಜೋಡಿಸಿದ ಅನೇಕ ಗರಿಗಳಲ್ಲಿ ಒಂದಾಗಿರಬಹುದು. ಜಾಲದ ಮೂಲಕ ಬಂದು ಸ್ಮೃತಿಯಲ್ಲಿ ನಿಂತಿರಬಹುದು. ಇಂಥ ಸಂದರ್ಭಗಳಿಗಾಗಿ ಪಿಎನ್‌ಜಿ-ಸೆಟ್-ರೀಡ್-ಎಫ್‌ಎನ್ ಎಂಬ ವಿಧಿಯನ್ನು ಒದಗಿಸಲಾಗಿದೆ.

ಇದಕ್ಕೆ ಮೂರು ವಸ್ತುಗಳನ್ನು ಕೊಡಬೇಕು : ಪಠನರಚನೆ, ಬಳಕೆದಾರನ ಸ್ಥಿತಿಯನ್ನು ಸೂಚಿಸುವ ವಿಳಾಸ, ಮತ್ತು ಬಳಕೆದಾರನೇ ಬರೆದ ಗ್ರಹಣವಿಧಿ. ಅನಂತರ ಲಿಬ್‌ಪಿಎನ್‌ಜಿಗೆ ಬೈಟುಗಳು ಬೇಕಾದಾಗಲೆಲ್ಲ ಅದು ಎಫ್‌ರೀಡ್‌ಗೆ ಬದಲು ಈ ವಿಧಿಯನ್ನು ಕರೆದು, ‘ಈ ಸ್ಥಳದಲ್ಲಿ ಇಷ್ಟು ಬೈಟುಗಳನ್ನು ಇರಿಸು’ ಎಂದು ಆದೇಶಿಸುತ್ತದೆ. ಗ್ರಹಣವಿಧಿಯು ಪಿಎನ್‌ಜಿ-ಗೆಟ್-ಐಓ-ಪಿಟಿಆರ್ ಮೂಲಕ ತನ್ನ ಸ್ಥಿತಿಯನ್ನು ಮರಳಿ ಪಡೆಯುತ್ತದೆ. ಚಿತ್ರವು ಸ್ಮೃತಿಯಲ್ಲಿದ್ದರೆ ಆ ಸ್ಥಿತಿಯಲ್ಲಿ ಮೂರು ಅಂಶಗಳಿದ್ದರೆ ಸಾಕು : ದತ್ತದ ಆರಂಭಸ್ಥಾನ, ಒಟ್ಟು ಉದ್ದ, ಈವರೆಗೆ ಓದಿದ ಪ್ರಮಾಣ.

ಆದೇಶಗಳ ಕ್ರಮ ಕಡತದ ರಚನೆಯನ್ನೇ ಅನುಸರಿಸುತ್ತದೆ. ಮುದ್ರೆಗೆ 8, ಖಂಡದ ಉದ್ದ ಮತ್ತು ಹೆಸರಿಗೆ 8, ಐಎಚ್‌ಡಿಆರ್ ದತ್ತಕ್ಕೆ 13, ಸಿಆರ್‌ಸಿಗೆ 4, ಹೀಗೆ ಮೊದಲ 33 ಬೈಟುಗಳು ಮುಗಿದ ಮೇಲೆ ಎರಡನೆಯ ಖಂಡದ ಸರದಿ. ಚಿತ್ರದ ಜಾತಿಯನ್ನು ಗುರುತಿಸಲೆಂದು ಮುದ್ರೆಯ 8 ಬೈಟುಗಳನ್ನು ಮೊದಲೇ ಓದಿಕೊಂಡಿದ್ದರೆ, ಆ ಸಂಗತಿಯನ್ನು ಪಿಎನ್‌ಜಿ-ಸೆಟ್-ಸಿಗ್-ಬೈಟ್ಸ್ ಮೂಲಕ ತಿಳಿಸಬೇಕು. ತಿಳಿಸದಿದ್ದರೆ ಖಂಡದ ಶಿರೋಭಾಗವನ್ನೇ ಮುದ್ರೆಯೆಂದು ಪರೀಕ್ಷಿಸಿ, ಇದು ಪಿಎನ್‌ಜಿ ಅಲ್ಲವೆಂದು ತಂತ್ರಾಂಶವು ತಿರಸ್ಕರಿಸುತ್ತದೆ.

3. ಗ್ರಹಣವಿಧಿಯ ಧರ್ಮ

ಈ ವಿಧಿಯು ಯಾವ ಫಲವನ್ನೂ ಹಿಂದಿರುಗಿಸುವುದಿಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಮುಖ್ಯಾಂಶ. ‘ಕೇಳಿದ್ದು ನೂರು, ದೊರೆತದ್ದು ಅರುವತ್ತು’ ಎಂದು ಹೇಳಲು ಅವಕಾಶವೇ ಇಲ್ಲ. ಕೇಳಿದಷ್ಟನ್ನೂ ತುಂಬಬೇಕು, ಸಾಧ್ಯವಾಗದಿದ್ದರೆ ಪಿಎನ್‌ಜಿ-ಎರರ್ ವಿಧಿಯನ್ನು ಕರೆದು ದೋಷವನ್ನು ಸಾರಬೇಕು. ಮೂರನೆಯ ಮಾರ್ಗವಿಲ್ಲ. ವಾಡಿಕೆಯ ವಿಧಿಯೂ ಇದೇ ನಿಯಮವನ್ನು ಪಾಲಿಸುತ್ತದೆ.

ಈ ನಿಯಮವನ್ನು ಮೀರುವ ಬಗೆಗಳು ಎರಡು. ದೊರೆತಷ್ಟನ್ನು ತುಂಬಿ ಸುಮ್ಮನೆ ಹಿಂದಿರುಗುವುದು ಒಂದು. ಆಗ ಉಳಿದ ಸ್ಥಳದಲ್ಲಿ ಹಿಂದೆ ಇದ್ದ ಹಳೆಯ ಬೈಟುಗಳೇ ದತ್ತವೆಂದು ಪರಿಗಣಿತವಾಗುತ್ತವೆ. ಸಾಮಾನ್ಯವಾಗಿ ಸಿಆರ್‌ಸಿ ಇದನ್ನು ಹಿಡಿಯುತ್ತದೆಯಾದರೂ, ದೋಷವು ಹುಟ್ಟಿದ ಸ್ಥಳ ಒಂದು, ಕಾಣಿಸಿಕೊಳ್ಳುವ ಸ್ಥಳ ಇನ್ನೊಂದು ಆಗಿ ಕಾರಣದ ಶೋಧನೆ ಕಠಿನವಾಗುತ್ತದೆ. ಉಳಿದ ಪ್ರಮಾಣವನ್ನು ಪರೀಕ್ಷಿಸದೆ ಸ್ಮೃತಿಯಿಂದ ಎತ್ತಿಕೊಡುವುದು ಇನ್ನೊಂದು. ಆಗ ಚಿತ್ರದ ಎಲ್ಲೆಯನ್ನು ದಾಟಿ ಪಕ್ಕದ ದತ್ತವನ್ನು ಓದಿದಂತಾಗುತ್ತದೆ. ಇದು ಒಂದು ಗ್ರಂಥದ ಕೊನೆಯ ಗರಿ ಕಳೆದುಹೋದಾಗ ಅದೇ ಕಟ್ಟಿನ ಮತ್ತೊಂದು ಗ್ರಂಥದ ಗರಿಯನ್ನು ಅಲ್ಲಿ ಸೇರಿಸಿದಂತೆ. ರಕ್ಷಣೆಯ ದೃಷ್ಟಿಯಿಂದಲೂ ಅಪಾಯಕರ.

ಪಿಎನ್‌ಜಿ-ಎರರ್ ಕರೆದವನಲ್ಲಿಗೆ ಮರಳುವುದಿಲ್ಲ. ಮೊದಲೇ ಗೊತ್ತುಮಾಡಿದ ಸ್ಥಾನಕ್ಕೆ ನೆಗೆಯುತ್ತದೆ. ಅಲ್ಲಿ ಪಠನರಚನೆಯನ್ನು ವಿಸರ್ಜಿಸಿ, ಅರ್ಧ ಓದಿದ ಚಿತ್ರವನ್ನು ಪೂರ್ಣವೆಂದು ಬಗೆಯದೆ ಬದಿಗಿಡಬೇಕು. ಇದಲ್ಲದೆ, ಪಂಕ್ತಿಗಳೆಲ್ಲ ಬಂದವೆಂದು ತೃಪ್ತರಾಗದೆ ಪಿಎನ್‌ಜಿ-ರೀಡ್-ಎಂಡ್ ವಿಧಿಯನ್ನೂ ಕರೆಯಬೇಕು. ಐಎಂಡ್ ಖಂಡದವರೆಗೆ ಕಡತವು ಅಖಂಡವಾಗಿದೆಯೆಂಬುದು ಆಗಲೇ ನಿಶ್ಚಿತವಾಗುತ್ತದೆ.

4. ಲಿಬ್‌ಜೆಪೆಗ್‌ನ ಭಿನ್ನಮಾರ್ಗ

ಇಂಡಿಪೆಂಡೆಂಟ್ ಜೆಪೆಗ್ ಗ್ರೂಪ್ 1991ರಲ್ಲಿ ಮೊದಲು ಹೊರತಂದ ಲಿಬ್‌ಜೆಪೆಗ್ ಇದೇ ಸಮಸ್ಯೆಗೆ ಬೇರೊಂದು ಪರಿಹಾರವನ್ನು ಆರಿಸಿಕೊಂಡಿತು. ಅಲ್ಲಿ ಬಳಕೆದಾರನು ‘ಆಕರ ನಿರ್ವಾಹಕ’ವೆಂಬ ರಚನೆಯನ್ನು ಒದಗಿಸುತ್ತಾನೆ. ಅದರಲ್ಲಿ ಎರಡು ಸ್ಥಿತಿಗಳು : ಮುಂದಿನ ಬೈಟಿನ ವಿಳಾಸ, ಕೈಯಲ್ಲಿ ಉಳಿದ ಬೈಟುಗಳ ಸಂಖ್ಯೆ. ವಿಧಿಗಳು ಐದು : ಆರಂಭ, ಪೂರಣ, ಲಂಘನ, ಪುನಃಸಂಧಾನ, ಸಮಾಪ್ತಿ. ಸಂಗ್ರಹವು ಬರಿದಾದಾಗ ಪೂರಣವಿಧಿಯನ್ನು ಕರೆಯಲಾಗುತ್ತದೆ. ದತ್ತವು ಇನ್ನೂ ಬಂದಿಲ್ಲವಾದರೆ ಅದು ‘ಇಲ್ಲ’ ಎನ್ನಬಹುದು. ಆಗ ಓದು ತಾತ್ಕಾಲಿಕವಾಗಿ ನಿಂತು ಮುಂದೆ ಅಲ್ಲಿಂದಲೇ ಸಾಗುತ್ತದೆ. ಲಿಬ್‌ಪಿಎನ್‌ಜಿಯಲ್ಲಿ ಇಂಥ ಸೌಲಭ್ಯ ಬೇಕಾದರೆ, ದತ್ತವನ್ನು ಬಂದಂತೆ ಒಪ್ಪಿಸುತ್ತ ಹೋಗುವ ಪಿಎನ್‌ಜಿ-ಪ್ರೊಸೆಸ್-ಡೇಟಾ ಎಂಬ ಪ್ರತ್ಯೇಕ ಕ್ರಮವನ್ನು ಅವಲಂಬಿಸಬೇಕು.

ಮಹತ್ತ್ವದ ಭೇದವಿರುವುದು ತ್ರುಟಿತ ಕಡತದ ವಿಷಯದಲ್ಲಿ. ಲಿಬ್‌ಜೆಪೆಗ್‌ನ ವಾಡಿಕೆಯ ಪೂರಣವಿಧಿಯು ಕಡತವು ನಡುವೆ ಮುಗಿದುಹೋದರೆ ಓದನ್ನು ಕೈಬಿಡುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ದಾಖಲಿಸಿ, 255 ಮತ್ತು 217 ಎಂಬ ಎರಡು ಬೈಟುಗಳ ಕೃತಕ ಸಮಾಪ್ತಿಚಿಹ್ನೆಯನ್ನು ತಾನೇ ಸೇರಿಸುತ್ತದೆ. ದೊರೆತಷ್ಟು ಚಿತ್ರವನ್ನಾದರೂ ತೋರಿಸಬೇಕೆಂಬುದು ಅದರ ಆಶಯ. ಸಾಮಾನ್ಯ ವೀಕ್ಷಕನಿಗೆ ಅದು ಉಪಕಾರವೇ ಸರಿ. ಆದರೆ ಪ್ರತಿಸಂರಕ್ಷಣೆಯ ದೃಷ್ಟಿಯಿಂದ ಇದು ತ್ರುಟಿತ ಪ್ರತಿಯ ಕೊನೆಗೆ ಲಿಪಿಕಾರನು ತಾನೇ ಸಮಾಪ್ತಿವಾಕ್ಯ ಬರೆದಂತೆ. ಕೆಳಗಿನ ಪಂಕ್ತಿಗಳು ಇಲ್ಲದಿದ್ದರೂ ಓದು ಯಶಸ್ವಿಯಾಗಿ ಮುಗಿದಂತೆಯೇ ತೋರುತ್ತದೆ. ಆದುದರಿಂದ ಹಸ್ತಪ್ರತಿಚಿತ್ರಗಳಿಗಾಗಿ ಸ್ವಂತ ಪೂರಣವಿಧಿಯನ್ನು ರಚಿಸುವವರು ಈ ಸಂದರ್ಭದಲ್ಲಿ ದೋಷವನ್ನೇ ಸಾರುವುದು ಯುಕ್ತ. ವಾಡಿಕೆಯ ವಿಧಿಯನ್ನೇ ಬಳಸುವುದಾದರೆ, ಓದು ಮುಗಿದ ಬಳಿಕ ಎಚ್ಚರಿಕೆಗಳ ಸಂಖ್ಯೆ ಸೊನ್ನೆಯೇ ಎಂದು ನೋಡುವುದು ಅವಶ್ಯ.

5. ಪರೀಕ್ಷಾಕ್ರಮ

ಸ್ವಂತವಾಗಿ ರಚಿಸಿದ ಗ್ರಹಣವಿಧಿಯ ಪ್ರಾಮಾಣ್ಯವನ್ನು ನಿರ್ಣಯಿಸಲು ಸರಳವಾದ ಉಪಾಯವುಂಟು. ನಿರ್ದುಷ್ಟವಾದ ಒಂದು ಸಣ್ಣ ಪಿಎನ್‌ಜಿ ಚಿತ್ರವನ್ನು ತೆಗೆದುಕೊಂಡು, ಕೊನೆಯಿಂದ ಒಂದೊಂದೇ ಬೈಟನ್ನು ಕಡಿಮೆ ಮಾಡುತ್ತ ಪ್ರತಿ ಸಲವೂ ಓದಿಸಬೇಕು. ಪೂರ್ಣ ಉದ್ದಕ್ಕೆ ಮಾತ್ರ ಓದು ಸಫಲವಾಗಿ, ಉಳಿದೆಲ್ಲ ಉದ್ದಗಳಿಗೂ ದೋಷ ಘೋಷಿತವಾಗಬೇಕು. ಒಂದೇ ಒಂದು ಕಡೆ ಮೌನವಾಗಿ ಚಿತ್ರ ಹೊರಬಂದರೂ ಆ ವಿಧಿ ಅಗ್ರಾಹ್ಯ. ಬಳಿಕ ಅದೇ ಚಿತ್ರವನ್ನು ವಾಡಿಕೆಯ ವಿಧಿಯಿಂದಲೂ ಸ್ವಂತ ವಿಧಿಯಿಂದಲೂ ಓದಿಸಿ, ಪ್ರತಿಯೊಂದು ಬಿಂದುವನ್ನೂ ಹೋಲಿಸಿ ನೋಡಬೇಕು.

ಲೋಪವಿರುವ ಸ್ಥಳದಲ್ಲಿ ಚುಕ್ಕಿಗಳನ್ನಿಟ್ಟು, ಇಲ್ಲಿ ಅಕ್ಷರಗಳು ಹೋಗಿವೆ ಎಂದು ತಿಳಿಸುವ ಲಿಪಿಕಾರನ ಪ್ರತಿಯನ್ನು ಸಂಪಾದಕರು ನಂಬುತ್ತಾರೆ. ಗ್ರಹಣವಿಧಿಯಿಂದ ಅಪೇಕ್ಷಿತವಾಗಿರುವುದೂ ಅದೇ : ಇದ್ದುದನ್ನು ಇದ್ದಂತೆ ಒಪ್ಪಿಸುವುದು, ಇಲ್ಲದುದನ್ನು ಇಲ್ಲವೆಂದು ಹೇಳುವುದು.