ಖಾಕಿ ಒಂದೇ, ಕೆಲಸ ಹಲವು: ಪೊಲೀಸ್ ವಿಶೇಷ ಘಟಕಗಳಿಗೆ ದಾರಿ ಯಾವುದು?

ಪೊಲೀಸ್ ಕೆಲಸಕ್ಕೆ ತಯಾರಿ ನಡೆಸುತ್ತಿರುವ ಯುವಕ ಯುವತಿಯರನ್ನು ಮಾತಿಗೆಳೆದರೆ ಸಿಸಿಬಿ, ಸೈಬರ್, ಗರುಡ, ಶ್ವಾನದಳ ಎಂಬ ಹೆಸರುಗಳು ಬೇಗ ಬಾಯಿಗೆ ಬರುತ್ತವೆ. ಆದರೆ ಸಿಸಿಬಿಗೆಂದೋ ಸೈಬರ್ ಠಾಣೆಗೆಂದೋ ಬೇರೆ ಅರ್ಜಿ ನಮೂನೆ ಇಲ್ಲ. ಕರ್ನಾಟಕದಲ್ಲಿ ಬಹುತೇಕ ವಿಶೇಷ ಘಟಕಗಳು ತುಂಬುವುದು ಇಲಾಖೆಯೊಳಗೆ ಈಗಾಗಲೇ ಇರುವವರಿಂದ. ವೈರ್‌ಲೆಸ್, ಗುಪ್ತವಾರ್ತೆ, ಕೈಗಾರಿಕಾ ಭದ್ರತಾ ಪಡೆಯಂಥ ಕೆಲವು ವಿಭಾಗಗಳಿಗೆ ಮಾತ್ರ ಪ್ರತ್ಯೇಕವಾಗಿ ಅರ್ಜಿ ಕರೆದದ್ದುಂಟು. ಹಾಗಾಗಿ ಮುಂದೆ ಎಲ್ಲಿಗೆ ತಲುಪಬಹುದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು, ನೀವು ಮೊದಲು ಅರ್ಜಿ ಹಾಕುವ ಹುದ್ದೆಯೇ.

ಎಷ್ಟು ಬಾಗಿಲು, ಯಾವುದು ಎಲ್ಲಿಗೆ?

ಕಾನ್‌ಸ್ಟೆಬಲ್ ಮಟ್ಟದಲ್ಲಿ ಮುಖ್ಯವಾಗಿ ಮೂರು ಬಾಗಿಲುಗಳಿವೆ. ಮೊದಲನೆಯದು ಸಿವಿಲ್ ಪೊಲೀಸ್. ಠಾಣೆ, ಬೀಟ್, ತನಿಖೆ, ಸಂಚಾರ ಎಲ್ಲವೂ ಇವರ ಪಾಲಿಗೆ. ಎರಡನೆಯದು ಸಶಸ್ತ್ರ ಪೊಲೀಸ್. ಜಿಲ್ಲೆಗಳಲ್ಲಿ ಇದು ಡಿಎಆರ್, ಕಮಿಷನರೇಟ್‌ಗಳಲ್ಲಿ ಸಿಎಆರ್. ಕೈದಿಗಳ ಬೆಂಗಾವಲು, ಖಜಾನೆ ಕಾವಲು, ಗಣ್ಯರ ಭದ್ರತೆ, ಇಲಾಖೆಯ ವಾಹನ ಚಾಲನೆ ಇವರ ಕೆಲಸ. ಮೂರನೆಯದು ಕೆಎಸ್‌ಆರ್‌ಪಿ, ಅಂದರೆ ರಾಜ್ಯ ಮೀಸಲು ಪೊಲೀಸ್ ಪಡೆ. ಗಲಭೆ, ಚುನಾವಣೆ, ಜಾತ್ರೆ, ನೆರೆ, ಹೀಗೆ ಎಲ್ಲಿ ಬಲ ಬೇಕೋ ಅಲ್ಲಿಗೆ ತುಕಡಿಗಳಾಗಿ ಹೊರಡುವವರು ಇವರು. ತಿಂಗಳುಗಟ್ಟಲೆ ಊರಿಂದ ಊರಿಗೆ ಅಲೆಯುವ ಬದುಕು ಇದು. ಸೇರುವವರು ಮೊದಲೇ ತಿಳಿದಿರಬೇಕು.

ಪಿಎಸ್‌ಐ ಮಟ್ಟದಲ್ಲೂ ಇದೇ ವಿಂಗಡಣೆ. ಸಿವಿಲ್‌ಗೆ ಪಿಎಸ್‌ಐ, ಸಶಸ್ತ್ರ ವಿಭಾಗಕ್ಕೆ ಆರ್‌ಎಸ್‌ಐ. ಡಿವೈಎಸ್‌ಪಿ ಹುದ್ದೆಗೆ ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರಿ ಪರೀಕ್ಷೆ, ಐಪಿಎಸ್‌ಗೆ ಯುಪಿಎಸ್‌ಸಿ. ಪುರುಷ ಸಿವಿಲ್ ಕಾನ್‌ಸ್ಟೆಬಲ್‌ಗಳ ಸಾಮಾನ್ಯ ಮಾನದಂಡದಲ್ಲಿ ಎತ್ತರ 168 ಸೆಂ.ಮೀ., 1600 ಮೀಟರ್ ಓಟಕ್ಕೆ 6 ನಿಮಿಷ 30 ಸೆಕೆಂಡ್. ಮಹಿಳೆಯರಿಗೆ 157 ಸೆಂ.ಮೀ., 400 ಮೀಟರ್ ಓಟಕ್ಕೆ 2 ನಿಮಿಷ. ವಯಸ್ಸು, ಮೀಸಲಾತಿ, ರಿಯಾಯಿತಿಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಯೇ ಅರ್ಜಿ ಹಾಕಬೇಕು.

ಒಮ್ಮೆ ಸಶಸ್ತ್ರ ವಿಭಾಗ ಸೇರಿ ಆಮೇಲೆ ಸಿವಿಲ್‌ಗೆ ಬದಲಾಗುವುದು ಸುಲಭವಲ್ಲ. ತನಿಖೆ ಮಾಡಬೇಕೆಂಬ ಆಸೆಯಿದ್ದವರು "ಯಾವುದಾದರೂ ಸಿಕ್ಕರೆ ಸಾಕು" ಎಂದು ಅರ್ಜಿ ಹಾಕಿ ಸೇವೆಯುದ್ದಕ್ಕೂ ಕೊರಗುವುದಕ್ಕಿಂತ ಈ ಭೇದವನ್ನು ಮೊದಲೇ ಅರಿಯುವುದು ಒಳ್ಳೆಯದು.

ಠಾಣೆಯಲ್ಲಿ ಕಲಿಯುವುದು

ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿ, ಕಲಬುರಗಿಯ ನಾಗನಹಳ್ಳಿ ತರಬೇತಿ ಕಾಲೇಜು, ಚನ್ನಪಟ್ಟಣ, ಖಾನಾಪುರ, ಐಮಂಗಲದ ಶಾಲೆಗಳು, ಎಲ್ಲಿ ತರಬೇತಿ ಮುಗಿಸಿದರೂ ಸಿವಿಲ್ ಪೊಲೀಸರ ನಿಜವಾದ ಕಲಿಕೆ ಶುರುವಾಗುವುದು ಠಾಣೆಯಲ್ಲಿ. ಪಹರೆ, ಬೀಟ್, ಸಮನ್ಸ್ ಮತ್ತು ವಾರಂಟ್ ಜಾರಿ, ಬಂದೋಬಸ್ತ್, ಕೋರ್ಟ್ ಕೆಲಸ ಹೀಗೆ ಸರದಿಯಲ್ಲಿ ಎಲ್ಲವೂ ಬರುತ್ತವೆ. ಅಕ್ಷರ ಚೆನ್ನಾಗಿದ್ದು ಕಾನೂನು ಗೊತ್ತಿದ್ದವರು ರೈಟರ್ ಆಗುತ್ತಾರೆ. ಎಫ್‌ಐಆರ್, ಮಹಜರು, ಕೇಸ್ ಡೈರಿ, ದೋಷಾರೋಪಪಟ್ಟಿ ಎಲ್ಲವೂ ಅವರ ಕೈದಾಟಿ ಹೋಗುತ್ತವೆ. ಮಹಜರಿನಲ್ಲಿ ಒಂದು ಸಾಲು ತಪ್ಪಿದರೆ ನ್ಯಾಯಾಲಯದಲ್ಲಿ ಇಡೀ ಪ್ರಕರಣ ಸಡಿಲವಾಗುತ್ತದೆ. ಠಾಣೆಯಲ್ಲಿ ಮಹಜರು ಬರೆಯಲು ಕಲಿಯದವರು ಸಿಐಡಿಗೆ ಹೋದರೂ ಒಳ್ಳೆಯ ತನಿಖಾಧಿಕಾರಿ ಆಗಲಾರರು.

ತನಿಖೆಯ ಘಟಕಗಳು

ಬೆಂಗಳೂರಿನ ಸಿಸಿಬಿ ನಗರದ ಸಂಘಟಿತ ಅಪರಾಧ, ಮಾದಕ ವಸ್ತು, ರೌಡಿ ಚಟುವಟಿಕೆ, ದೊಡ್ಡ ವಂಚನೆಗಳನ್ನು ನೋಡಿಕೊಳ್ಳುತ್ತದೆ. ಸಿಐಡಿಯ ವ್ಯಾಪ್ತಿ ಇಡೀ ರಾಜ್ಯ. ಸರ್ಕಾರವೋ ನ್ಯಾಯಾಲಯವೋ ವಹಿಸಿದ ಸೂಕ್ಷ್ಮ ಪ್ರಕರಣಗಳು, ಆರ್ಥಿಕ ಅಪರಾಧ, ಮಾನವ ಕಳ್ಳಸಾಗಣೆ ಇದರ ಪಾಲಿಗೆ ಬರುತ್ತವೆ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ನಮ್ಮ ಇಲಾಖೆಯ ಹೆಮ್ಮೆ. ಈಗ ಜಿಲ್ಲೆಗಳಲ್ಲೂ ಸೈಬರ್, ಆರ್ಥಿಕ, ಮಾದಕ ಅಪರಾಧಗಳಿಗೆಂದೇ ಸೆನ್ ಠಾಣೆಗಳಿವೆ.

ಯಾರು ತನಿಖೆ ಮಾಡಬೇಕೆಂಬುದನ್ನು ಎಷ್ಟೋ ಕಡೆ ಕಾನೂನೇ ಗೊತ್ತುಮಾಡಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ಪ್ರಕರಣಗಳಿಗೆ ಡಿವೈಎಸ್‌ಪಿ ಬೇಕು. ಪೋಕ್ಸೊ ಪ್ರಕರಣದಲ್ಲಿ ಮಗುವಿನ ಹೇಳಿಕೆಯನ್ನು ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಆಗ ಸಮವಸ್ತ್ರ ಧರಿಸಿರಬಾರದು. ಮಹಿಳಾ ಪಿಎಸ್‌ಐಗಳ ಕೊರತೆ ಇರುವಲ್ಲಿ ಪೆಟ್ಟು ಬೀಳುವುದು ಇಂಥ ಮಕ್ಕಳಿಗೆ. ಹೆಣ್ಣುಮಕ್ಕಳು ಹೆಚ್ಚಿನ ಸಂಖ್ಯೆಯಲ್ಲಿ ಪಿಎಸ್‌ಐ ಪರೀಕ್ಷೆ ಬರೆಯಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಲೋಕಾಯುಕ್ತ ಪೊಲೀಸ್ ಘಟಕಕ್ಕೂ ಅಧಿಕಾರಿಗಳು ಬರುವುದು ಇಲಾಖೆಯಿಂದಲೇ. 2016ರಲ್ಲಿ ರಚನೆಯಾಗಿದ್ದ ಎಸಿಬಿಯನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿದ ಮೇಲೆ ಲಂಚ ಪ್ರಕರಣಗಳ ತನಿಖೆ ಮತ್ತೆ ಲೋಕಾಯುಕ್ತಕ್ಕೆ ಬಂತು. ಇಲ್ಲಿನ ಟ್ರ್ಯಾಪ್ ಕಾರ್ಯಾಚರಣೆಯೇ ಒಂದು ಪರಿಣತಿ. ನೋಟುಗಳಿಗೆ ಫಿನಾಲ್ಫ್ಥಲೀನ್ ಪುಡಿ ಸವರಿರುತ್ತಾರೆ. ಹಣ ಮುಟ್ಟಿದವರ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪಂಚರ ಸಮ್ಮುಖದಲ್ಲಿ, ಹೆಜ್ಜೆ ತಪ್ಪದಂತೆ ಇದನ್ನೆಲ್ಲ ದಾಖಲಿಸಬೇಕು.

ಬೆರಳಚ್ಚು, ಶ್ವಾನ, ಕಮಾಂಡೊ

ಬೆರಳಚ್ಚು ತಜ್ಞರಾಗಲು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದಡಿಯ ಕೇಂದ್ರೀಯ ಬೆರಳಚ್ಚು ಘಟಕ ನಡೆಸುವ ಅಖಿಲ ಭಾರತ ಮಂಡಳಿ ಪರೀಕ್ಷೆ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. ಹಾಗಾಗಿ ವಿಜ್ಞಾನ ಪದವೀಧರರಿಗೆ ವಿಧಿವಿಜ್ಞಾನ ಪ್ರಯೋಗಾಲಯದ, ಸೋಕೋ (ಅಪರಾಧ ಸ್ಥಳ ಪರಿಶೀಲನೆ) ಅಧಿಕಾರಿಗಳ ಹುದ್ದೆಗಳು ಒಳ್ಳೆಯ ದಾರಿ.

ಶ್ವಾನದಳ ಮತ್ತು ಬಾಂಬ್ ತಪಾಸಣೆಯ ಎಎಸ್‌ಸಿ ತಂಡಗಳು ಸಾಮಾನ್ಯವಾಗಿ ಸಶಸ್ತ್ರ ವಿಭಾಗದವು. ಬೆಂಗಳೂರಿನ ಆಡುಗೋಡಿಯಲ್ಲಿ ನಾಯಿಗೂ ಅದನ್ನು ನೋಡಿಕೊಳ್ಳುವವರಿಗೂ ಜೊತೆಯಾಗಿ ತರಬೇತಿ. ಹಲವು ಕೊಲೆ ಪ್ರಕರಣಗಳ ಪತ್ತೆಗೆ ನೆರವಾದ ದಾವಣಗೆರೆಯ ತುಂಗಾ ಎಂಬ ಡಾಬರ್‌ಮನ್‌ನ ಹೆಸರು ರಾಜ್ಯಕ್ಕೆಲ್ಲ ಗೊತ್ತು. ನಾಯಿಯ ಊಟ, ಆರೋಗ್ಯ, ದಿನದ ಅಭ್ಯಾಸ ಎಲ್ಲವೂ ಹ್ಯಾಂಡ್ಲರ್‌ನ ಹೊಣೆ. ಪ್ರಾಣಿಪ್ರೀತಿ ಇಲ್ಲದವರಿಗೆ ಇದು ಒಗ್ಗದು. ಮೈಸೂರಿನ ಅಶ್ವಾರೋಹಿ ದಳಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಗರುಡ ಪಡೆ ಭಯೋತ್ಪಾದನೆ, ಒತ್ತೆಯಾಳು ಪ್ರಕರಣಗಳಿಗೆ ಸಜ್ಜಾದ ಕಮಾಂಡೊ ಘಟಕ. ಮಲ್ಪೆಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಕರಾವಳಿ ಕಾವಲು ಪೊಲೀಸ್ ಸುಮಾರು 320 ಕಿ.ಮೀ. ಕಡಲತೀರವನ್ನು ಕಾಯುತ್ತದೆ. ಅಲ್ಲಿ ಈಜು ಬಲ್ಲವರಿಗೂ ಮೀನುಗಾರರೊಡನೆ ಬೆರೆಯಬಲ್ಲವರಿಗೂ ಬೆಲೆ.

ಆಯ್ಕೆ, ಅವಧಿ, ವಾಪಸಾತಿ

ವಿಶೇಷ ಘಟಕಗಳಿಗೆ ವರ್ಗಾವಣೆ, ನಿಯೋಜನೆ, ಓಓಡಿ (ಅನ್ಯ ಕರ್ತವ್ಯ) ಈ ಮೂರು ರೀತಿಯಲ್ಲಿ ಸಿಬ್ಬಂದಿ ಹೋಗುತ್ತಾರೆ. ಸೇವಾ ದಾಖಲೆ, ಇಲಾಖಾ ವಿಚಾರಣೆ ಬಾಕಿ ಇಲ್ಲದಿರುವುದು, ತರಬೇತಿ, ಮೇಲಧಿಕಾರಿಗಳ ಅಭಿಪ್ರಾಯ ಲೆಕ್ಕಕ್ಕೆ ಬರುತ್ತವೆ. ಇದು ಖಾಯಂ ನೆಲೆಯಲ್ಲ. ಅವಧಿ ಮುಗಿದರೆ ಮತ್ತೆ ಠಾಣೆ.

ಘಟಕಗಳೂ ಖಾಯಂ ಅಲ್ಲ. ವೀರಪ್ಪನ್ ಬೇಟೆಗಾಗಿ ಕಟ್ಟಿದ ಎಸ್‌ಟಿಎಫ್‌ನ ಕಾಡಿನ ಕೆಲಸದಲ್ಲಿ ಹರಿಕೃಷ್ಣ, ಶಕೀಲ್ ಅಹಮದ್ ಅವರಂಥ ಅಧಿಕಾರಿಗಳು 1992ರಲ್ಲಿ ಪ್ರಾಣ ತೆತ್ತರು. 2004ರಲ್ಲಿ ವೀರಪ್ಪನ್ ಸಾವಿನೊಂದಿಗೆ ಆ ಅಧ್ಯಾಯ ಮುಗಿಯಿತು. ಕಾರ್ಕಳದಲ್ಲಿ ನೆಲೆಯಿದ್ದ ನಕ್ಸಲ್ ನಿಗ್ರಹ ದಳದ ಕೆಲಸ 2025ರ ಜನವರಿಯಲ್ಲಿ ಆರು ನಕ್ಸಲರು ಶರಣಾದ ಮೇಲೆ ಇಳಿಯಿತು. ಅದರ ಸಿಬ್ಬಂದಿಯ ಒಂದು ಭಾಗ ಕೋಮುಗಲಭೆ ತಡೆಯಲು ಅದೇ ವರ್ಷ ರಚನೆಯಾದ ವಿಶೇಷ ಕಾರ್ಯಪಡೆಗೆ ಹೋಯಿತು.

ಇಲ್ಲಿ ಇಲಾಖೆಗೆ ಒಂದು ಮಾತು ಹೇಳಲೇಬೇಕು. 2019ರಲ್ಲಿ ಸಿಐಡಿಯಲ್ಲಿ ಶುರುವಾದ ಸೈಬರ್ ತನಿಖಾ ತರಬೇತಿ ಕೇಂದ್ರದಂಥ ಕಡೆ ಕಲಿತು, ಮೊಬೈಲ್ ದತ್ತಾಂಶ, ಬ್ಯಾಂಕ್ ಖಾತೆಗಳ ಜಾಡು ಹಿಡಿಯುವುದನ್ನು ಕರಗತ ಮಾಡಿಕೊಂಡವರನ್ನು ಏಕಾಏಕಿ ಬಂದೋಬಸ್ತಿಗೆ ಕಳಿಸಿದರೆ ಆ ವಿದ್ಯೆ ಯಾರಿಗೂ ದಕ್ಕದೆ ಹೋಗುತ್ತದೆ. ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರ್ಪಡಿಸಬೇಕು, ಕಾರ್ಯಕ್ಷೇತ್ರದ ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ನಿರ್ದೇಶಿಸಿದೆ. ಪರಿಣತಿ ಬೆಳೆಸಿದ ಕಾನ್‌ಸ್ಟೆಬಲ್‌ಗೂ ಅಂಥದೇ ಭದ್ರತೆ ಸಿಗಬೇಕು.

ತಯಾರಾಗುವವರಿಗೆ

ಅರ್ಜಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ನನಗೆ ಜನರ ನಡುವಿನ ಕೆಲಸ ಬೇಕೋ, ಆಯುಧದ ಶಿಸ್ತು ಬೇಕೋ, ಕಡತ ಮತ್ತು ಕಂಪ್ಯೂಟರಿನ ತಾಳ್ಮೆ ಬೇಕೋ? ಉತ್ತರಕ್ಕೆ ಹೊಂದುವ ಬಾಗಿಲನ್ನು ಆರಿಸಿ. ಸೇರಿದ ಮೇಲೆ ಇಲಾಖೆಯ ತರಬೇತಿಗಳಿಗೆ ತಾವಾಗಿಯೇ ಹೆಸರು ಕೊಡಿ, ಪ್ರಮಾಣಪತ್ರಗಳು ಸೇವಾ ದಾಖಲೆಗೆ ಸೇರುವಂತೆ ನೋಡಿಕೊಳ್ಳಿ. ಹುದ್ದೆ ಕೊಡಿಸುತ್ತೇನೆ ಎನ್ನುವ ಮಧ್ಯವರ್ತಿಗಳ ಹತ್ತಿರ ಸುಳಿಯಬೇಡಿ. 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದ ರದ್ದಾಗಿ 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಯುವವರೆಗೆ ಪ್ರಾಮಾಣಿಕವಾಗಿ ಓದಿದವರೂ ಕಾಯಬೇಕಾಯಿತು. ಅಡ್ಡದಾರಿ ಹಿಡಿದವರ ತಪ್ಪಿಗೆ ಸಾವಿರಾರು ಮನೆಗಳು ನೊಂದವು. ಸರಿಯಾದ ಬಾಗಿಲನ್ನು ತಿಳಿದು ಆರಿಸಿ, ನೇರವಾಗಿ ಒಳಗೆ ಹೋಗಿ, ಠಾಣೆಯ ಕೆಲಸವನ್ನು ಚೆನ್ನಾಗಿ ಕಲಿಯಿರಿ. ಒಳ್ಳೆಯ ಘಟಕಗಳು ಹುಡುಕುವುದು ಅಂಥವರನ್ನೇ.