ಹಳೆಯ ಛಾಯಾಚಿತ್ರಗಳಲ್ಲಿ ತೊಂಡೇಬಾವಿ: ವ್ಯಾಪಾರದ ಸಾಕ್ಷ್ಯ, ಬೇಸಾಯದ ದಾಖಲೆ

ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಇಂದು ಹೊರಗಿನವರಿಗೆ ಸಿಮೆಂಟಿನ ಊರೆಂದೇ ಪರಿಚಿತ. ವಾರ್ಷಿಕ 16 ಲಕ್ಷ ಟನ್ ಸಾಮರ್ಥ್ಯದೊಡನೆ ಇಲ್ಲಿ ಆರಂಭವಾದ ಎ.ಸಿ.ಸಿ. ಸಂಸ್ಥೆಯ ಸಿಮೆಂಟ್ ಅರೆಯುವ ಘಟಕವು ಈ ಹೋಬಳಿಯ ಚಹರೆಯನ್ನೇ ಬದಲಿಸಿತು. ಆದರೆ ಆ ಘಟಕ ಬರುವುದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಮೊದಲೇ, 1890ರ ದಶಕದ ಆದಿಭಾಗದಲ್ಲಿ, ಬೆಂಗಳೂರು–ಹಿಂದೂಪುರ ಮೀಟರ್ ಗೇಜ್ ರೈಲುಮಾರ್ಗ ಈ ದಾರಿಯಲ್ಲಿ ಹಾದುಹೋಗಿತ್ತು. ಮಾಕಳಿದುರ್ಗದ ಗುಡ್ಡಗಳನ್ನು ದಾಟಿ ಬಯಲಿಗಿಳಿಯುವ ರೈಲು ರಾಗಿ, ಕಡಲೆಕಾಯಿ ಬೆಳೆಯುವ ಈ ನೆಲವನ್ನು ಬೆಂಗಳೂರಿನ ಮಂಡಿಗಳಿಗೆ ಹತ್ತಿರವಾಗಿಸಿತು.

ರೈಲಿಗೂ ಸಿಮೆಂಟಿಗೂ ನಡುವಣ ಈ ಒಂದು ಶತಮಾನದ ಕಥೆಯನ್ನು ಬರೆದಿಟ್ಟವರು ವಿರಳ. ಅದರ ಬಹುಭಾಗ ಉಳಿದಿರುವುದು ಅಂಗಡಿಗಳ ಗೋಡೆಯ ಮೇಲೆ, ರೈತರ ಮನೆಯ ಟ್ರಂಕುಗಳಲ್ಲಿ, ಕಟ್ಟು ಹಾಕಿಸಿದ ಹಳೆಯ ಛಾಯಾಚಿತ್ರಗಳ ರೂಪದಲ್ಲಿ. ಅಂಗಡಿಯ ಪೂಜೆಯ ದಿನ ತೆಗೆಸಿದ ಚಿತ್ರ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯೊಡನೆ ನಿಂತ ರೈತನ ಚಿತ್ರ, ಶಿಡ್ಲಘಟ್ಟದ ಕಡೆ ರೇಷ್ಮೆಗೂಡು ತುಂಬಿದ ಚಂದ್ರಂಕಿಗಳ ಮುಂದೆ ನಿಂತ ಕುಟುಂಬದ ಚಿತ್ರ: ಇವೆಲ್ಲ ಮನೆತನದ ನೆನಪುಗಳಷ್ಟೇ ಅಲ್ಲ, ಈ ಭಾಗದ ವಾಣಿಜ್ಯ ಇತಿಹಾಸದ ದಾಖಲೆಗಳು.

ಚಿತ್ರದ ಕಾಲ ತಿಳಿಯುವ ಬಗೆ

ಹಿಂಬದಿಯಲ್ಲಿ ಏನನ್ನೂ ಬರೆಯದ ಚಿತ್ರಕ್ಕೂ ಕಾಲವನ್ನು ಗೊತ್ತುಪಡಿಸಲು ಸಾಧ್ಯವಿದೆ. ವ್ಯಾಪಾರಸ್ಥರ ಕಣ್ಣಿಗೆ ಅದರ ಗುರುತುಗಳು ಬೇಗನೆ ಸಿಗುತ್ತವೆ. ನಾಮಫಲಕದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಆ ಫಲಕ 1973ರ ನವೆಂಬರ್ 1ಕ್ಕೆ ಮೊದಲಿನದು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಬೆಲೆಪಟ್ಟಿಯಲ್ಲಿ ‘ನಯಾ ಪೈಸೆ’ ಕಂಡರೆ ಅದು 1957ರಿಂದ 1964ರವರೆಗಿನ ಅವಧಿಯನ್ನು ಸೂಚಿಸುತ್ತದೆ. ಕಿಲೋಗ್ರಾಮಿನ ತೂಕ 1962ರ ವೇಳೆಗೆ ಕಡ್ಡಾಯವಾಯಿತು. ಆದರೂ ಸೇರು, ಬಳ್ಳಗಳ ಅಳತೆ ಹಳ್ಳಿಗಳಲ್ಲಿ ಬಹುಕಾಲ ಮುಂದುವರಿದುದರಿಂದ ಅದೊಂದನ್ನೇ ನಂಬುವಂತಿಲ್ಲ.

ಲಾರಿಯ ಸಂಖ್ಯಾಫಲಕ ‘ಕೆಎ’ ಎಂದು ಆರಂಭವಾಗಿದ್ದರೆ ಚಿತ್ರವು 1989ಕ್ಕಿಂತ ಹಿಂದಿನದಲ್ಲ. ‘ಕೆಎ 40’ ಎಂದಿದ್ದರೆ ಅದು ಚಿಕ್ಕಬಳ್ಳಾಪುರದ ನೋಂದಣಿ. ತೊಂಡೇಬಾವಿಯ ಅಂಗಡಿಯ ಫಲಕದಲ್ಲಿ ‘ಕೋಲಾರ ಜಿಲ್ಲೆ’ ಎಂದಿದ್ದರೆ ಅದನ್ನು ಬರೆಸಿದ್ದು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾಗುವ ಮುನ್ನ.

ರೈಲು ಹಳಿಯೂ ಹೀಗೆಯೇ ಸಾಕ್ಷಿ ನುಡಿಯುತ್ತದೆ. ಮೀಟರ್ ಗೇಜ್ ಹಳಿಗಳ ನಡುವಣ ಅಂತರ 1,000 ಮಿ.ಮೀ., ಬ್ರಾಡ್ ಗೇಜಿನದು 1,676 ಮಿ.ಮೀ. ಈ ಮಾರ್ಗ 1980ರ ದಶಕದ ಆರಂಭದಲ್ಲಿ ಬ್ರಾಡ್ ಗೇಜ್ ಆಯಿತು. ಹಳಿಯ ಮೇಲೆ ವಿದ್ಯುತ್ ತಂತಿ ಕಾಣಿಸಿದರೆ ಅದು ತೀರ ಇತ್ತೀಚಿನ ಚಿತ್ರ.

ಗುರುತು ಹೇಳದ ಸಂಗತಿ

ಇಷ್ಟಾದರೂ ಫಲಕ, ಹಳಿ, ಲಾರಿಗಳು ಇಸವಿಯನ್ನು ಹೇಳಬಲ್ಲವೇ ಹೊರತು ಹೆಸರನ್ನು ಹೇಳಲಾರವು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಯಜಮಾನರ ಹೆಸರು ಮನೆಯವರಿಗೆ ನೆನಪಿರುತ್ತದೆ. ಪಕ್ಕದಲ್ಲಿ ತಕ್ಕಡಿ ಹಿಡಿದವರು ಯಾರು, ಹಿಂದೆ ಮೂಟೆ ಹೊತ್ತು ನಿಂತವರು ಯಾರು, ಗಾಡಿ ಹೊಡೆದವರು ಯಾವ ಹಳ್ಳಿಯವರು? ಇದಕ್ಕೆ ಉತ್ತರ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಮೀಟರ್ ಗೇಜ್ ರೈಲಿಗೆ 1980ರಲ್ಲಿ ಮೂಟೆ ಏರಿಸಿದ 20ರ ಹರೆಯದ ಹಮಾಲಿ ಈಗ 65 ದಾಟಿದ್ದಾರೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳದಿದ್ದರೆ ಆ ಚಿತ್ರದಲ್ಲಿ ಯಜಮಾನರೊಬ್ಬರೇ ಉಳಿಯುತ್ತಾರೆ, ಉಳಿದವರು ಬರಿಯ ಮುಖಗಳಾಗುತ್ತಾರೆ.

ಕಳೆದುಹೋದುದರ ಬೆಲೆ ಏನೆಂಬುದಕ್ಕೆ ಇದೇ ತಾಲ್ಲೂಕಿನ ವಿದುರಾಶ್ವತ್ಥ ನಿದರ್ಶನ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗೋಲಿಬಾರ್ ನಡೆದ ಸ್ಥಳವದು. ಊರಿಗೆ ಹೆಸರು ತಂದ ಪುರಾತನ ಅಶ್ವತ್ಥವೃಕ್ಷ 2001ರಲ್ಲಿ ಉರುಳಿತು. ಅಲ್ಲಿಂದೀಚೆಗೆ ಹುಟ್ಟಿದವರು ಆ ಮರವನ್ನು ಚಿತ್ರದಲ್ಲಿ ಮಾತ್ರ ನೋಡಬಲ್ಲರು. ಅದೇ 2001ರ ಫೆಬ್ರವರಿ 28ರಂದು, ಅವಿಭಜಿತ ಕೋಲಾರ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರ ದಶಕದಲ್ಲಿ ಬೆಳೆಸಿದ ಚಿನ್ನದ ಗಣಿಗಳು ಮುಚ್ಚಿದವು. ಉದ್ಯಮ ನಿಂತ ಮೇಲೆ ಅಲ್ಲಿಯ ದುಡಿಮೆಯನ್ನು ಮುಂದಿನವರಿಗೆ ತೋರಿಸಲು ಚಿತ್ರಗಳೇ ಮುಖ್ಯ ಆಧಾರ.

ಉಳಿಸಿಕೊಂಡವರ ಉದಾಹರಣೆಯೂ ನಾಡಿನಲ್ಲಿದೆ. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್, ತನ್ನ ಕೆಲಸದ ಚಿತ್ರಗಳನ್ನು ವಿವರಣೆಯೊಡನೆ ಸ್ವಿಟ್ಜರ್ಲೆಂಡಿನ ಪತ್ರಾಗಾರದಲ್ಲಿ ಕಾಪಾಡಿತು. ಕರಾವಳಿಯ ಉದ್ಯಮ ಚರಿತ್ರೆ ಬರೆಯುವವರಿಗೆ ಅವು ಇಂದು ಆಕರಗಳಾಗಿವೆ. ಅಲ್ಲಿ ಉಪಯೋಗಕ್ಕೆ ಬಂದದ್ದು ಚಿತ್ರದಷ್ಟೇ ಅದರೊಡನೆ ಬರೆದಿಟ್ಟ ಸಾಲು.

ಸದಸ್ಯರು ಕೈಗೊಳ್ಳಬಹುದಾದ ಕ್ರಮ

ಇದಕ್ಕೆ ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ. ಚಿತ್ರದ ಹಿಂಬದಿಯಲ್ಲಿ ಮೆದುವಾದ ಸೀಸದ ಕಡ್ಡಿಯಿಂದ, ಒತ್ತದೆ, ಹೆಸರು, ಊರು, ಅಂದಾಜು ಇಸವಿಗಳನ್ನು ಬರೆಯಬೇಕು. ಶಾಯಿ ಕಾಗದದೊಳಗೆ ಇಳಿದು ಮುಂಬದಿಗೂ ಕಲೆ ಮಾಡುತ್ತದೆ. ಅಂಟಿನ ಹಾಳೆಯ ಆಲ್ಬಮ್, ಲ್ಯಾಮಿನೇಶನ್ ಎರಡೂ ಸಲ್ಲದು. ಬಿಸಿಲು ಬೀಳುವ ಗೋಡೆಯಿಂದ ಮೂಲಪ್ರತಿಯನ್ನು ತೆಗೆದು, ಅದರ ನಕಲನ್ನು ಅಲ್ಲಿ ತೂಗುಹಾಕಬಹುದು. 600 ಡಿಪಿಐ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಿಸಿ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಪ್ರತಿ ಇರಿಸುವುದು ಕ್ಷೇಮ. ಅಂಗಡಿ ನವೀಕರಣಕ್ಕೆ ಕೈಹಾಕುವ ಮುನ್ನ ಗೋಡೆಯ ಮೇಲಿನ ಚಿತ್ರಗಳನ್ನೂ ಹಳೆಯ ನಾಮಫಲಕವನ್ನೂ ಒಮ್ಮೆ ಚಿತ್ರೀಕರಿಸಿಕೊಳ್ಳುವುದು ಒಳಿತು.

ಸರಕಿನ ಲೆಕ್ಕದಲ್ಲಿ ಒಂದು ಮೂಟೆ ತಪ್ಪಿದರೂ ಮರುದಿನ ವಿಚಾರಿಸುವ ವರ್ತಕರಿಗೆ ದಾಖಲೆಯ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಖಾತೆಪುಸ್ತಕ ಬರೆಯುವ ಕೈಗಳೇ ಈ ಚಿತ್ರಗಳ ಹಿಂದೆಯೂ ನಾಲ್ಕು ಹೆಸರುಗಳನ್ನು ಬರೆದರೆ, ತೊಂಡೇಬಾವಿಯ ವ್ಯಾಪಾರವನ್ನು ಹೆಗಲ ಮೇಲೆ ಹೊತ್ತವರಿಗೂ ಊರಿನ ಚರಿತ್ರೆಯಲ್ಲಿ ಸ್ಥಾನ ದೊರೆಯುತ್ತದೆ.